ಒಂದೂವರೆ ಕಣ್ಣಿನ ಆಟ

ಕಡೂರಿನ ನಮ್ಮ ಬೀದಿಯ ಕ್ರಿಕೆಟ್ ಟೀಮಿನಲ್ಲಿ ನನಗೊಂದು ಖಾಯಂ ಜಾಗ ಇತ್ತು. ಚೆಂಡು ಎಲ್ಲಿಗೆ ಬರೋದು ಕಡಿಮೆಯೋ ಅಲ್ಲಿ. ಅಪ್ಪಿತಪ್ಪಿ ಅಲ್ಲಿಗೂ ಬಂದರೆ, ಅದು ನನ್ನ ಕೈ ತಲುಪುವ ಮುಂಚೆಯೇ ಬೌಲರ್ ತಲೆ ಮೇಲೆ ಕೈ ಹೊತ್ತು ನಿಂತಿರುತ್ತಿದ್ದ. ಅವನ ಅಂದಾಜು ಸುಳ್ಳಾಗುತ್ತಿರಲಿಲ್ಲ. ನಾನು ಕೈ ಮುಚ್ಚಿದ ಮೇಲೆ ಚೆಂಡು ಬಂದು ಬೆರಳಿಗೆ ಬಡಿಯುತ್ತಿತ್ತು, ಇಲ್ಲವಾದರೆ ಕೈ ಮುಚ್ಚುವ ಮುಂಚೆ ಬಂದು ಎದೆಗೆ. "ಕೈಗೇನು ಎಣ್ಣೆ ಹಚ್ಕೊಂಡು ಬಂದಿದ್ದೀಯೇನೋ?" ಅನ್ನೋದು ನಾನು ಚಿಕ್ಕಂದಿನಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ.

ಪಿ.ಟಿ. ಮೇಷ್ಟ್ರ ಪ್ರಕಾರ ನನಗೆ ಗಮನ ಇರಲಿಲ್ಲ. ಅಪ್ಪನ ಪ್ರಕಾರ ಅಭ್ಯಾಸ ಸಾಲದು. ಅಜ್ಜಿಯ ಪ್ರಕಾರ ಮೈಯಲ್ಲಿ ಕಸುವಿಲ್ಲ, ಅದಕ್ಕೆ ದಿನಾ ಒಂದು ಲೋಟ ರಾಗಿ ಗಂಜಿ. ಕಣ್ಣಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬರೋದಕ್ಕೆ ಕಾರಣವೂ ಇರಲಿಲ್ಲ. ಕೊನೇ ಬೆಂಚಿನಲ್ಲಿ ಕೂತು ಬೋರ್ಡ್ ಓದುತ್ತಿದ್ದೆ. ಸ್ಟೇಷನ್ನಿಗೆ ಬರುವ ರೈಲಿನ ಹೆಸರನ್ನು ಎಲ್ಲರಿಗಿಂತ ಮುಂಚೆ ಕೂಗಿ ಹೇಳುತ್ತಿದ್ದೆ. ಮೆಳ್ಳೆಗಣ್ಣಂತೂ ಅಲ್ಲವೇ ಅಲ್ಲ. ಇಂಥ ಹುಡುಗನಿಗೆ ಕಣ್ಣು ಸರಿಯಿಲ್ಲ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ?

2012ರಲ್ಲಿ ಉಪೇಂದ್ರ ಅವರ 'ಕಠಾರಿ ವೀರ ಸುರಸುಂದರಾಂಗಿ' ತ್ರೀಡಿಯಲ್ಲಿ ಬಂತು. ಪಿಯುಸಿ ಮುಗಿಸಿದ ಖುಷಿಯಲ್ಲಿ ಗೆಳೆಯರೆಲ್ಲ ಸೇರಿ ಬೆಂಗಳೂರಿಗೆ ಹೋಗಿ ನೋಡಿದೆವು. ಅಕ್ಕಪಕ್ಕದವರು ಕಪ್ಪು ಕನ್ನಡಕ ಹಾಕಿಕೊಂಡು ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದರು, ತಲೆ ತಗ್ಗಿಸುತ್ತಿದ್ದರು, ಕೂಗುತ್ತಿದ್ದರು. ನನಗೆ ಕಂಡಿದ್ದು ಸ್ವಲ್ಪ ಕತ್ತಲಾದ ಮಾಮೂಲಿ ಸಿನಿಮಾ. ದುಡ್ಡು ಕೊಟ್ಟಿದ್ದಕ್ಕೆ ಇವರೆಲ್ಲ ಸ್ವಲ್ಪ ಜಾಸ್ತಿಯೇ ಆಡ್ತಿದ್ದಾರೆ ಅನ್ನಿಸಿತು.

ಅಸಲಿ ವಿಷಯ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ದಿನಕ್ಕೆ ಒಂಬತ್ತು ಹತ್ತು ಗಂಟೆ ಸ್ಕ್ರೀನ್ ನೋಡಿ ತಲೆನೋವು ಶುರುವಾಗಿ ಕಣ್ಣಿನ ತಪಾಸಣೆಗೆ ಹೋದೆ. ಅಲ್ಲಿನ ಮೇಡಂ ಬಲಗಣ್ಣು ಮುಚ್ಚಿಸಿ "ಈಗ ಓದಿ" ಅಂದರು. ಮೇಲಿನ ದೊಡ್ಡ ಅಕ್ಷರ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಒಂದು ಕನ್ನಡಕ ಹಾಕಿಸಿ, ದೊಡ್ಡ ನೊಣದ ಚಿತ್ರವಿದ್ದ ಪುಸ್ತಕ ಹಿಡಿದು "ಇದರ ರೆಕ್ಕೆ ಹಿಡೀರಿ" ಅಂದರು. ನಾನು ಕಾಗದದ ಮೇಲೆ ಬೆರಳಿಟ್ಟೆ. ಎರಡು ಕಣ್ಣೂ ಒಟ್ಟಿಗೆ ಕೆಲಸ ಮಾಡುವವರಿಗೆ ಆ ರೆಕ್ಕೆ ಕಾಗದದಿಂದ ಮೇಲೆದ್ದು ನಿಂತ ಹಾಗೆ ಕಾಣುತ್ತದಂತೆ. ಅವರು ಗಾಳಿಯಲ್ಲೇ ಚಿವುಟಲು ಹೋಗುತ್ತಾರಂತೆ. ಕೆಲವು ಮಕ್ಕಳು ನೊಣ ನೋಡಿ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ಇದೆಯಂತೆ.

ಬಲಗಣ್ಣಿಗೆ ಸೊನ್ನೆ, ಎಡಗಣ್ಣಿಗೆ ಪ್ಲಸ್ ಐದೂವರೆ. ಹುಟ್ಟಿನಿಂದಲೇ ಒಂದು ಕಣ್ಣು ಸ್ಪಷ್ಟ ಚಿತ್ರ ಕಳಿಸುತ್ತಿತ್ತು, ಇನ್ನೊಂದು ಮಸುಕು ಚಿತ್ರ. ಮಿದುಳು ಜಾಣ. ಮಸುಕಾಗಿರೋದನ್ನು ಪಕ್ಕಕ್ಕಿಟ್ಟು, ಸ್ಪಷ್ಟವಾಗಿರೋದನ್ನೇ ನಂಬಿ ಬೆಳೆಯಿತು. ಇದಕ್ಕೆ ಆಂಬ್ಲಿಯೋಪಿಯಾ ಅಂತ ಹೆಸರು, ಆಡುಮಾತಿನಲ್ಲಿ ಸೋಮಾರಿ ಕಣ್ಣು. ಮೆಳ್ಳೆಗಣ್ಣಿದ್ದರೂ ಹೀಗಾಗಬಹುದು, ಹುಟ್ಟಿನಿಂದ ಪೊರೆ ಇದ್ದರೂ ಆಗಬಹುದು. ಆದರೆ ನನ್ನ ಹಾಗೆ ಎರಡು ಕಣ್ಣಿನ ನಂಬರಿನಲ್ಲಿ ಭಾರೀ ವ್ಯತ್ಯಾಸ ಇದ್ದು ಹೀಗಾದಾಗ ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗೋದಿಲ್ಲ. ಒಳಗಿರುವವನಿಗೂ ಗೊತ್ತಾಗೋದಿಲ್ಲ, ಯಾಕೆಂದರೆ ಅವನು ನೋಡಿರೋದು ಅದೊಂದೇ ಪ್ರಪಂಚ.

ಎರಡು ಕಣ್ಣಿನ ಲೆಕ್ಕ ಸರಳ. ದೊಡ್ಡವರ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇರುತ್ತದೆ. ಹಾಗಾಗಿ ಎರಡೂ ಕಣ್ಣಿಗೆ ಬೀಳುವ ಚಿತ್ರ ಒಂದೇ ಅಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೆ ಈಚೆ ಜಿಗಿಯುತ್ತದೆ. ಹತ್ತಿರದ ವಸ್ತು ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ಆ ವ್ಯತ್ಯಾಸ ಹಿಡಿದು ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಒಂದು ಉಪಕರಣ ಮಾಡಿ ತೋರಿಸಿದರು. ಎರಡು ಚಪ್ಪಟೆ ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಉಬ್ಬು ತಗ್ಗಿರುವ ಒಂದೇ ವಸ್ತು ಕಾಣುತ್ತದೆ. ಇವತ್ತಿನ ತ್ರೀಡಿ ಸಿನಿಮಾದ ಮೂಲವೂ ಅದೇ. ಆ ಲೆಕ್ಕ ಹಾಕುವ ವಿಭಾಗ ನನ್ನ ತಲೆಯಲ್ಲಿ ಉದ್ಘಾಟನೆಯೇ ಆಗಿಲ್ಲ.

"ಹಾಗಾದ್ರೆ ನಿನಗೆ ಎಲ್ಲಾ ಫೋಟೋ ತರ ಕಾಣುತ್ತಾ?" ಅಂತ ಆಫೀಸಿನಲ್ಲಿ ಕೇಳುತ್ತಾರೆ. ಇಲ್ಲ. ಮರದ ಹಿಂದೆ ಮನೆ ಇದ್ದರೆ ಮರ ಮುಂದಿದೆ ಅಂತ ನನಗೂ ಗೊತ್ತು. ಲಾರಿ ಚಿಕ್ಕದಾಗಿ ಕಂಡರೆ ದೂರ ಇದೆ, ರಸ್ತೆ ಚೂಪಾದರೆ ಮುಂದೆ ಹೋಗಿದೆ, ಬಾಬಾಬುಡನ್‌ಗಿರಿ ನೀಲಿಯಾಗಿ ಕಂಡರೆ ಇನ್ನೂ ತುಂಬಾ ಆಚೆ ಇದೆ. ಇವನ್ನೆಲ್ಲ ಹೇಳೋದಕ್ಕೆ ಒಂದು ಕಣ್ಣು ಸಾಕು. ನಿಮ್ಮ ಕೈಯಲ್ಲಿರುವ ಫೋನನ್ನೇ ನೋಡಿ. ಒಂದೇ ಕ್ಯಾಮೆರಾ ಇರುವ ಫೋನು ಕೂಡ ಪೋರ್ಟ್ರೇಟ್ ಮೋಡ್‌ನಲ್ಲಿ ಮುಖ ಯಾವುದು, ಹಿನ್ನೆಲೆ ಯಾವುದು ಅಂತ ಬೇರೆ ಮಾಡುತ್ತದೆ. ಲಕ್ಷಾಂತರ ಚಿತ್ರ ನೋಡಿ ಕಲಿತ ಅಂದಾಜು ಅದು. ನನ್ನದೂ ಹೆಚ್ಚುಕಡಿಮೆ ಹಾಗೇ.

ಇನ್ನೊಂದು ದೊಡ್ಡ ಸಹಾಯ, ಚಲನೆ. ಬೀರೂರಿನಿಂದ ಅಜ್ಜಂಪುರದ ಕಡೆ ಹೋಗುವ ರೈಲಿನ ಕಿಟಕಿಯಲ್ಲಿ ಕೂತರೆ ಹಳಿ ಪಕ್ಕದ ಕಂಬ ಸರ್ರನೆ ಹಿಂದಕ್ಕೆ ಓಡುತ್ತದೆ, ತೆಂಗಿನ ಮರ ನಿಧಾನಕ್ಕೆ ಸರಿಯುತ್ತದೆ, ಬೆಟ್ಟ ನಮ್ಮ ಜೊತೆಗೇ ಬರುತ್ತದೆ. ಯಾವುದು ಎಷ್ಟು ವೇಗವಾಗಿ ಓಡುತ್ತದೆ ಅನ್ನೋದರಲ್ಲೇ ದೂರ ಅಡಗಿದೆ. ಮಿಡತೆ ಜಿಗಿಯುವ ಮುಂಚೆ ಮೈಯನ್ನು ಎಡಕ್ಕೆ ಬಲಕ್ಕೆ ತೂಗುವುದು ಇದಕ್ಕೇ. ನಾನೂ ಗೊತ್ತಿಲ್ಲದ ಹಾಗೆ ತಲೆ ಆಡಿಸುತ್ತೇನೆ. ನಿಂತಲ್ಲಿ ನಿಂತರೆ ನನಗೆ ಪ್ರಪಂಚ ಅಷ್ಟಕ್ಕಷ್ಟೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಎಲ್ಲವೂ ಅದರದರ ಜಾಗಕ್ಕೆ ಬಂದು ಕೂರುತ್ತದೆ.

ನೆರಳೂ ಹಾಗೇ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಇದೆ. ಅದರ ಸುತ್ತುಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಕೆತ್ತನೆಗಳಿವೆ. ಮಧ್ಯಾಹ್ನ ಹೋದರೆ ಅವು ನನಗೆ ಕಲ್ಲಿನ ಮೇಲೆ ಬರೆದ ಚಿತ್ರದ ಹಾಗೆ ಕಾಣುತ್ತವೆ. ಸಂಜೆ ಓರೆ ಬಿಸಿಲು ಬಿದ್ದು ಪ್ರತಿ ತೋಳಿನ ಕೆಳಗೂ ಒಂದು ಗೆರೆ ನೆರಳು ಬಂದರೆ, ಅದೇ ಬಿಲ್ಲು ಗೋಡೆಯಿಂದ ಈಚೆಗೆ ಬರುತ್ತದೆ. ಹಾಗಾಗಿ ನಮ್ಮ ಮನೆಗೆ ಯಾರು ನೆಂಟರು ಬಂದರೂ ಅಮೃತಾಪುರಕ್ಕೆ ನಾನು ಕರೆದುಕೊಂಡು ಹೋಗೋದು ಸಂಜೆ ಹೊತ್ತಿಗೇ.

ಕಷ್ಟ ಇರೋದು ಕೈಗೆಟುಕುವ ದೂರದಲ್ಲಿ. ದೂರ ಹೆಚ್ಚಿದಷ್ಟೂ ಎರಡು ಕಣ್ಣಿನ ಚಿತ್ರಗಳ ವ್ಯತ್ಯಾಸ ಕಡಿಮೆಯಾಗುವುದರಿಂದ ಬೆಟ್ಟದ ವಿಷಯದಲ್ಲಿ ನೀವೂ ನಾನೂ ಸಮ. ಲೋಟದ ವಿಷಯದಲ್ಲಿ ಅಲ್ಲ. ಕಾಫಿ ಸುರಿಯುವಾಗ ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡೇ ಸುರಿಯುತ್ತೇನೆ. ಅಜ್ಜಿಯ ಸೂಜಿಗೆ ದಾರ ಪೋಣಿಸುವ ಕೆಲಸದಿಂದ ನನ್ನನ್ನು ಮನೆಯವರು ಎಂದೋ ವಜಾ ಮಾಡಿದ್ದಾರೆ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇದೆಯೋ ಮುಗಿಯಿತೋ ಅಂತ ಕಾಲೇ ಕೇಳಿ ತಿಳಿಯಬೇಕು. ನಂಬಿಕೆ ಬರದಿದ್ದರೆ ಒಂದು ಕಣ್ಣು ಮುಚ್ಚಿ, ಎರಡು ಕೈಯಲ್ಲಿ ಎರಡು ಪೆನ್ನು ಅಡ್ಡ ಹಿಡಿದು, ಪಕ್ಕದಿಂದ ತಂದು ತುದಿಗೆ ತುದಿ ಮುಟ್ಟಿಸಿ ನೋಡಿ.

ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ ಅಂತ ಕೇಳುತ್ತಾರೆ. ಕನ್ನಡಕ ಹಾಕಿದರೆ ಎಡಗಣ್ಣೂ ಅಷ್ಟರಮಟ್ಟಿಗೆ ಓದುತ್ತದೆ. ಆದರೆ ಆ ಕಾರು ಎಷ್ಟು ಬೇಗ ಹತ್ತಿರವಾಗುತ್ತಿದೆ ಅಂತ ಅಳೆಯುವುದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಬೈಕ್ ಓಡಿಸುವಾಗ ಲಾರಿ ಹಿಂದೆ ಸಿಕ್ಕಿಕೊಂಡರೆ ನಾನು ಎದುರಿನ ರಸ್ತೆ ಪೂರ್ತಿ ಖಾಲಿ ಆಗುವ ತನಕ ಕಾಯುತ್ತೇನೆ. ಹಿಂದೆ ಕೂತ ಗೆಳೆಯ "ಹೋಗೋ, ಗ್ಯಾಪ್ ಇದೆ" ಅನ್ನುತ್ತಾನೆ. ಗ್ಯಾಪ್ ಅವನಿಗೆ ಕಾಣುತ್ತದೆ. ಹ್ಯಾಂಡಲ್ ನನ್ನ ಕೈಯಲ್ಲಿದೆ.

ಈ ಕೊರತೆಗೆ ಮದ್ದು ಹೇಳಿಕೊಟ್ಟವರು ತರೀಕೆರೆಯ ನನ್ನ ಸೋದರಮಾವ. ಅದು ಮದ್ದು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ. ರಜೆಗೆ ಹೋದಾಗ ಅವರ ಅಡಿಕೆ ತೋಟದಲ್ಲಿ ದೋಟಿ ಹಿಡಿಯುವುದು ನನ್ನ ಆಸೆ. ಉದ್ದನೆಯ ಕೋಲಿನ ತುದಿಯ ಕುಡುಗೋಲನ್ನು ಮೇಲಿರುವ ಗೊನೆಗೆ ಸಿಕ್ಕಿಸಬೇಕು. ನಾನು ಎಷ್ಟು ಸಲ ಎತ್ತಿದರೂ ಅದು ಗೊನೆಯಿಂದ ಗೇಣು ಈಚೆ, ಇಲ್ಲ ಗೇಣು ಆಚೆ. ಮಾವ ನೋಡುವಷ್ಟು ನೋಡಿ ಹೇಳಿದರು, "ಕಣ್ಣಲ್ಲಿ ಹುಡುಕಬೇಡ ಮಾರಾಯ. ಕೋಲನ್ನ ಮರಕ್ಕೆ ತಾಗಿಸು. ಮರದ ಮೈ ಹಿಡಕೊಂಡೇ ಮೇಲೆ ಜಾರಿಸು. ಗೊನೆ ಎಲ್ಲಿಗೆ ಹೋಗ್ತದೆ? ಮರದಲ್ಲೇ ಇರ್ತದೆ."

ಆಮೇಲೆ ನಾನು ಕಂಡುಕೊಂಡ ಎಲ್ಲ ಉಪಾಯಗಳೂ ಈ ಮಾತಿನ ಮರಿಗಳೇ. ಗಾಳಿಯಲ್ಲಿ ಅಳೆಯಲು ಹೋಗಬೇಡ, ಏನಾದರೊಂದು ಆಸರೆ ಹಿಡಿ. ಲೋಟದ ಅಂಚು, ಮೆಟ್ಟಿಲ ಕಟಕಟೆ, ಪಾರ್ಕಿಂಗ್‌ನಲ್ಲಿ ಕಂಬದ ಬುಡ.

ಆಟದಲ್ಲೂ ಹಾಗೇ ಆಸರೆ ಹುಡುಕಬೇಕು. ಕೆಲವು ಆಟಗಳಲ್ಲಿ ಅದು ಮೊದಲೇ ಇರುತ್ತದೆ. ಕೇರಂ ಪೂರ್ತಿ ಚಪ್ಪಟೆ ಆಟ, ಅಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಕಬಡ್ಡಿ ಮುಟ್ಟುವ ಆಟ. ಒಮ್ಮೆ ಕಾಲು ಕೈಗೆ ಸಿಕ್ಕಿತೆಂದರೆ ಆಮೇಲೆ ಕಣ್ಣಿನ ಹಂಗಿಲ್ಲ. ಓಟ, ಈಜು ಸಲೀಸು. ಹಬ್ಬದ ಸಮಯದಲ್ಲಿ ಊರುಗಳಲ್ಲಿ ನಡೆಯುವ ರಾತ್ರಿ ವಾಲಿಬಾಲ್ ಪಂದ್ಯ ಮಾತ್ರ ನನಗೆ ಆಗಿಬರೋದಿಲ್ಲ. ಕಪ್ಪು ಆಕಾಶ, ಬಿಳಿ ಚೆಂಡು, ಕಣ್ಣಿಗೆ ಹೊಡೆಯುವ ಲೈಟು. ಹಿಡಿದುಕೊಳ್ಳಲು ಒಂದು ಕೊಂಬೆಯೂ ಇಲ್ಲ, ಒಂದು ಗೋಡೆಯೂ ಇಲ್ಲ.

ಕ್ರಿಕೆಟ್ ನಡುವೆ ಎಲ್ಲೋ ಬರುತ್ತದೆ. ಸ್ಲಿಪ್ಪಿನಲ್ಲಿ ನಿಂತರೆ ನನ್ನ ಗತಿ ಮುಗಿಯಿತು. ಆದರೆ ಬೌಂಡರಿ ಹತ್ತಿರ ಎತ್ತರಕ್ಕೆ ಬಂದ ಕ್ಯಾಚ್ ಹಿಡಿಯಬಲ್ಲೆ. ಇದು ಮೊದಮೊದಲು ನನಗೇ ಒಗಟಾಗಿತ್ತು. ಉತ್ತರ 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬ ಭೌತವಿಜ್ಞಾನಿ ಬರೆದಿದ್ದರಲ್ಲಿ ಸಿಕ್ಕಿತು. ಅವರು ಬರೆದಿದ್ದು ಬೇಸ್‌ಬಾಲ್ ಬಗ್ಗೆ. ಫೀಲ್ಡರ್ ಚೆಂಡಿನ ದೂರ ಅಳೆಯಬೇಕಾಗೇ ಇಲ್ಲ. ಚೆಂಡು ಕಣ್ಣಿಗೆ ಮೇಲೇರುತ್ತಾ ಹೋಗುವ ವೇಗ ಹೆಚ್ಚುತ್ತಿದ್ದರೆ ಅದು ತಲೆ ದಾಟಿ ಹೋಗುತ್ತದೆ, ಹಿಂದಕ್ಕೆ ಓಡಬೇಕು. ಏರುವ ವೇಗ ಕುಗ್ಗಿ ಕೆಳಗಿಳಿಯಲು ಶುರುವಾದರೆ ಮುಂದೆ ಬೀಳುತ್ತದೆ, ಮುಂದಕ್ಕೆ ಓಡಬೇಕು. ಒಂದೇ ಸಮನೆ ಏರುತ್ತಿದ್ದರೆ ಸರಿಯಾದ ಜಾಗದಲ್ಲೇ ಇದ್ದೀರಿ. ಇದಕ್ಕೆ ಒಂದು ಕಣ್ಣು, ಎರಡು ಕಾಲು ಸಾಕು. ಬೀದಿ ಟೀಮಿನವರು ನನ್ನನ್ನು ದೂರ ನಿಲ್ಲಿಸಿದ್ದು ಬೇಡದವನು ಅಂತ. ವಿಜ್ಞಾನದ ಪ್ರಕಾರ ನನಗೆ ತಕ್ಕ ಜಾಗವೇ ಅದು.

ಬ್ಯಾಟಿಂಗ್‌ನಲ್ಲೂ ಚೆಂಡನ್ನು ಕೊನೆಯವರೆಗೂ ದಿಟ್ಟಿಸಿ ಹೊಡೆಯುತ್ತಾರೆ ಅನ್ನೋದು ಪೂರ್ತಿ ನಿಜ ಅಲ್ಲ. 130 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ ತಲುಪಲು ಹಿಡಿಯೋದು ಅರ್ಧ ಸೆಕೆಂಡಿನ ಆಸುಪಾಸು. ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ಅಳೆದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೆಂಡು ಕೈಬಿಟ್ಟ ಕೂಡಲೇ ಆಟಗಾರರ ಕಣ್ಣು ಅದು ಪುಟಿಯುವ ಜಾಗಕ್ಕೆ ಮುಂಚಿತವಾಗಿ ಹೋಗಿ ಕಾಯುತ್ತದೆ. ಒಳ್ಳೆ ಆಟಗಾರ ಬೇಗ ಹೋಗುತ್ತಾನೆ. ಅಂದರೆ ಊಹೆ ಎಲ್ಲರದ್ದೂ ಇದೆ. ನಮ್ಮಂಥವರದ್ದು ಸ್ವಲ್ಪ ಜಾಸ್ತಿ.

ಇದನ್ನೆಲ್ಲ ಮೈದಾನದಲ್ಲೇ ತೋರಿಸಿದವರು ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಜುಲೈನಲ್ಲಿ ಇಂಗ್ಲೆಂಡಿನ ಹೋವ್‌ನಲ್ಲಿ ಕಾರು ಅಪಘಾತವಾಗಿ ಗಾಜಿನ ಚೂರು ಅವರ ಬಲಗಣ್ಣು ಹೊಕ್ಕಿತು. ಆಗ ಅವರಿಗೆ 20 ವರ್ಷ. ಜಗ್ಗಿನಿಂದ ನೀರು ಸುರಿದರೆ ಲೋಟದ ಬದಲು ಮೇಜಿಗೆ ಬೀಳುತ್ತಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಅದನ್ನು ಓದಿದಾಗ, ಕಾಫಿ ಲೋಟದ ನನ್ನ ಕಥೆ ನವಾಬರ ಮನೆಯಲ್ಲೂ ನಡೆದಿದೆ ಅಂತ ವಿಚಿತ್ರ ಸಮಾಧಾನ ಆಯಿತು. ಬ್ಯಾಟ್ ಹಿಡಿದರೆ ಎರಡೆರಡು ಚೆಂಡು ಕಾಣುತ್ತಿತ್ತು. ನಿಲ್ಲುವ ಭಂಗಿಯನ್ನು ಬೌಲರ್ ಕಡೆಗೆ ಸ್ವಲ್ಪ ತೆರೆದುಕೊಂಡರು, ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದರು. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಶತಕ. ಮಾರ್ಚ್‌ನಲ್ಲಿ, 21ನೇ ವಯಸ್ಸಿಗೆ, ಭಾರತದ ನಾಯಕ. ಒಟ್ಟು 46 ಟೆಸ್ಟ್, 2,793 ರನ್, ಆರು ಶತಕ. ಅವರು ಹೆಸರಾಗಿದ್ದು ಫೀಲ್ಡಿಂಗ್‌ಗೂ.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. 1964ರಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಮೊದಲ ಟೆಸ್ಟ್ ಆಡಿದ್ದು ಪಟೌಡಿ ನಾಯಕತ್ವದಲ್ಲಿ. ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಚೆಂಡು ತಿರುಗಿಸಿದ ಚಂದ್ರ, ಒಂದು ಕಣ್ಣಿನ ನಾಯಕ. 1968ರಲ್ಲಿ ನ್ಯೂಜಿಲೆಂಡ್‌ನಲ್ಲಿ ಭಾರತ ವಿದೇಶದ ಮೊದಲ ಸರಣಿ ಗೆದ್ದಾಗಲೂ ನಾಯಕರು ಪಟೌಡಿಯೇ. ಆ ಸರಣಿಯಲ್ಲಿ ವಿಕೆಟ್ ಉರುಳಿಸಿದ್ದು ನಮ್ಮ ಇ.ಎ.ಎಸ್. ಪ್ರಸನ್ನ, ಇಂಜಿನಿಯರಿಂಗ್ ಓದಿಗಾಗಿ ಕೆಲವು ವರ್ಷ ಟೆಸ್ಟ್ ಕ್ರಿಕೆಟ್ ಬಿಟ್ಟು ಬಂದವರು.

ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರದ್ದು ಇನ್ನೂ ದೊಡ್ಡ ಮಾತು. ಹುಟ್ಟಿನಿಂದ ದೃಷ್ಟಿ ಇರಲಿಲ್ಲ, ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆ ಆಗಿ ಒಂದು ಕಣ್ಣಿಗೆ ಸ್ವಲ್ಪ ಬೆಳಕು ಬಂತು. ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಗಲಗಲ ಸದ್ದು ಮಾಡುವ ಗುಂಡುಗಳಿರುತ್ತವೆ, ಆಸರೆ ಕಿವಿಯದ್ದು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನು ಅವರ ನಾಯಕತ್ವದಲ್ಲಿ ಭಾರತ ಗೆದ್ದಿತು. 2017ರಲ್ಲಿ ಪದ್ಮಶ್ರೀ ಬಂತು.

ನಾನು ಆಡೋದು ಶನಿವಾರದ ಶಟಲ್ ಅಷ್ಟೇ. ಎಡಗೈಯನ್ನು ಶಟಲ್ ಕಡೆ ಎತ್ತಿ ತೋರಿಸುತ್ತಾ ಅದರ ಕೆಳಗೆ ಹೋಗು ಅಂತ ಕೋಚ್‌ಗಳು ಎಲ್ಲರಿಗೂ ಹೇಳಿಕೊಡುತ್ತಾರೆ. ಬೇರೆಯವರಿಗೆ ಅದು ಶಿಸ್ತು, ನನಗೆ ಮಾವನ ಅಡಿಕೆ ಮರ. ಚಾವಣಿಯ ಕಬ್ಬಿಣದ ತೊಲೆಗಳ ಲೆಕ್ಕದಲ್ಲಿ ಶಟಲ್ ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ. ನೆಟ್ ಹತ್ತಿರದ ಸಣ್ಣ ಹೊಡೆತಗಳನ್ನು ಜೊತೆಗಾರನಿಗೆ ಬಿಟ್ಟುಕೊಡುತ್ತೇನೆ. ಮೊದಲ ದಿನವೇ ಅವನಿಗೆ ಹೇಳಿಬಿಟ್ಟಿದ್ದೇನೆ, "ನೆಟ್ ನಿಂದು, ಹಿಂದಿನದೆಲ್ಲ ನಂದು." ಹೇಳದೇ ಇದ್ದರೆ ಅದು ಸೋಮಾರಿತನ. ಹೇಳಿದರೆ ಅದೇ ಗೇಮ್ ಪ್ಲಾನ್! ಇನ್ನೊಂದು, ಗಟ್ಟಿ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಇಲ್ಲದೆ ಕೋರ್ಟಿಗೆ ಕಾಲಿಡೋದಿಲ್ಲ. ಒಂದೇ ಒಳ್ಳೆ ಕಣ್ಣಿರುವವರಿಗೆ ಶಟಲ್ ಏಟು ತಮಾಷೆಯಲ್ಲ.

ಇಷ್ಟು ಹೇಳಿದ ಮೇಲೆ ಅಜ್ಜಂಪುರದ ವಿಷಯಕ್ಕೆ ಬರಬೇಕು.

ಅಕ್ಕನನ್ನು ಕೊಟ್ಟಿರೋದು ಅಜ್ಜಂಪುರದ ಹತ್ತಿರ, ಈರುಳ್ಳಿ ಬೆಳೆಯುವ ಮನೆಗೆ. ಅವಳ ಮಗಳು ಪುಟ್ಟಿಗೆ ನಾಲ್ಕೂವರೆ ವರ್ಷ. ಇಂಥ ತೊಂದರೆ ಮನೆತನದಲ್ಲಿ ಬರುವ ಸಾಧ್ಯತೆ ಇದೆ ಅಂತ ನನ್ನ ಡಾಕ್ಟರ್ ಹೇಳಿದ್ದರಿಂದ ಒಂದು ಸಲ ತೋರಿಸು ಅಂತ ಅಕ್ಕನ ಬೆನ್ನು ಹತ್ತಿದ್ದೆ. ತೋರಿಸಿದಳು. ಎಡಗಣ್ಣಿಗೆ ಪ್ಲಸ್ ನಾಲ್ಕು, ಬಲಗಣ್ಣು ಚೆನ್ನಾಗಿದೆ. ಮಗು ಅಲ್ಲಿಯವರೆಗೂ ಒಂದು ದಿನವೂ ಕಣ್ಣು ಕಾಣೋದಿಲ್ಲ ಅಂದಿರಲಿಲ್ಲ. ಕನ್ನಡಕ ಕೊಟ್ಟರು. ಜೊತೆಗೆ ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಅಂಟುಪಟ್ಟಿ.

ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಕ್ಕನ ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆಯೇ. "ಅಲ್ಲಪ್ಪಾ, ಕೆಟ್ಟಿರೋ ಕಣ್ಣಿಗೆ ಔಷಧಿ ಹಾಕೋದು ಬಿಟ್ಟು ಚೆನ್ನಾಗಿರೋ ಕಣ್ಣು ಮುಚ್ಚೋದು ಯಾವ ನ್ಯಾಯ? ಹೆಣ್ಣುಮಗು ಬೇರೆ. ನೋಡಿದೋರು ಏನಂತಾರೆ?" ನಾನು ಮಿದುಳು, ನರ ಅಂತ ಏನೋ ಶುರು ಮಾಡಿದೆ. ಅಕ್ಕನ ಮಾವ ಎಲೆಅಡಿಕೆ ಹಾಕಿಕೊಳ್ಳುತ್ತಾ ಎರಡು ಮಾತಲ್ಲಿ ಮುಗಿಸಿದರು. "ಜೋಡೀಲಿ ಒಂದೆತ್ತು ಬಲವಾಗಿದ್ರೆ ಇನ್ನೊಂದು ಮೈಗಳ್ಳ ಆಗುತ್ತೆ ಕಣೇ. ಬಲವಾಗಿರೋದನ್ನ ಸ್ವಲ್ಪ ಹೊತ್ತು ಕಟ್ಟಿಹಾಕಿ ಮೈಗಳ್ಳನ ಕೈಲಿ ಎಳಿಸ್ಬೇಕು." ಅಮೃತಮಹಲ್ ತಳಿಯ ಊರಿನವರು, ಎತ್ತಿನ ಮಾತಿಗೆ ಅಲ್ಲಿ ತೂಕ ಜಾಸ್ತಿ. ಅತ್ತೆ ಸುಮ್ಮನಾದರು.

ಆದರೆ ಪಟ್ಟಿ ಹಾಕಿದ ಮೊದಲ ವಾರ ಯಾರಿಗೂ ಬೇಡ. ಮಗು ಅಳುತ್ತಿತ್ತು, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು, ಪಟ್ಟಿ ಕಿತ್ತು ಎಸೆಯುತ್ತಿತ್ತು. ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. "ನೀನು ಚೆನ್ನಾಗೇ ಇದ್ದೀಯಲ್ಲೋ. ಕೆಲಸ ಇದೆ, ಗಾಡಿ ಓಡಿಸ್ತೀಯ, ಆಟ ಆಡ್ತೀಯ. ಅದಿಲ್ಲದೇನೂ ಬದುಕಬಹುದು ಅಂತ ನೀನೇ ಎಲ್ಲರಿಗೂ ಹೇಳ್ತೀಯ. ಮತ್ತೆ ಇವಳಿಗೆ ಯಾಕೋ ಈ ಹಿಂಸೆ?"

ನನಗೆ ತಕ್ಷಣ ಉತ್ತರ ಬರಲಿಲ್ಲ. ನಾನು ಚೆನ್ನಾಗಿರೋದು ನಿಜ. ಪಟೌಡಿ ಆಡಿದ್ದು ನಿಜ. ಈ ಲೇಖನದಲ್ಲಿ ಇಷ್ಟು ಹೊತ್ತು ನಾನು ಹೇಳಿದ್ದೂ ಅದನ್ನೇ.

ಆಮೇಲೆ ಯೋಚಿಸಿ ಅವಳಿಗೆ ಹೇಳಿದ್ದು ಇಷ್ಟು. ಮೊದಲನೆಯದು, ನನ್ನದು ಒಂದೂವರೆ ಕಣ್ಣು. ಒಳ್ಳೆ ಕಣ್ಣಿಗೆ ಏನಾದರೂ ಆದರೆ ನನ್ನ ಹತ್ತಿರ ಉಳಿಯೋದು ಕನ್ನಡಕ ಹಾಕಿದರೂ ಪೂರ್ತಿ ಸ್ಪಷ್ಟವಾಗಿ ಕಾಣದ ಅರ್ಧ ಕಣ್ಣು. ಪುಟ್ಟಿಗೆ ಎರಡನೇ ಕಣ್ಣು ಕೆಲಸಕ್ಕೆ ಬಂದರೆ ಅದು ತ್ರೀಡಿ ಸಿನಿಮಾಕ್ಕಲ್ಲ, ಕಷ್ಟಕಾಲಕ್ಕೆ. ಎರಡನೆಯದು, ಇದಕ್ಕೆ ವಯಸ್ಸಿನ ಗಡುವು ಇದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಎಳವೆಯಲ್ಲಿ ಒಂದು ಕಣ್ಣು ಮುಚ್ಚಿದ್ದರೆ ಮಿದುಳಿನಲ್ಲಿ ಅದರ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸುತ್ತದೆ ಅಂತ ತೋರಿಸಿದರು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳಲ್ಲಿ ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು, ಆಮೇಲೆ ಕಷ್ಟವಾಗುತ್ತಾ ಹೋಗುತ್ತದೆ. ಬಾಗಿಲು ಪೂರ್ತಿ ಮುಚ್ಚುತ್ತದೆ ಅಂತಲ್ಲ. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರಿಗೆ 48ನೇ ವಯಸ್ಸಿನಲ್ಲಿ, ಕಣ್ಣಿನ ತರಬೇತಿಯ ನಂತರ, ಮೊದಲ ಬಾರಿಗೆ ಆಳ ಕಾಣತೊಡಗಿತು. ಹಿಮ ಬೀಳುವಾಗ ತಾನು ಅದರ ನಡುವೆ ನಿಂತಿರುವ ಹಾಗೆ ಅನ್ನಿಸಿತು ಅಂತ ಅವರು ಬರೆದಿದ್ದಾರೆ. ಆದರೆ ಅಂಥವರು ವಿರಳ.

ಮೂರನೆಯದು ನನ್ನ ಮನಸ್ಸಿನ ಮಾತು. "ಇಲ್ಲದೇ ಇದ್ದಿದ್ದಕ್ಕೆ ನಾನು ದಾರಿ ಹುಡುಕಿಕೊಂಡೆ ಅಕ್ಕ. ಆದ್ರೆ ನನ್ನನ್ನ ಯಾರೂ ಕೇಳಿರಲಿಲ್ಲ. ಇವಳಿಗೆ ಇನ್ನೂ ಟೈಮಿದೆ. ದಿನಕ್ಕೆ ಎರಡು ಗಂಟೆ ತಾನೇ."

ಅಕ್ಕ ಏನೂ ಹೇಳದೆ ಫೋನ್ ಇಟ್ಟಳು. ಪಟ್ಟಿ ಮಾತ್ರ ಬಿಡಲಿಲ್ಲ.

ಪಟ್ಟಿಯ ಹೊತ್ತಿನಲ್ಲಿ ಹತ್ತಿರದಿಂದ ನೋಡುವ ಕೆಲಸ ಮಾಡಿಸಿ ಅಂದಿದ್ದರು ಡಾಕ್ಟರ್. ಬಣ್ಣ ತುಂಬೋದು, ಮಣಿ ಪೋಣಿಸೋದು. ಇವಳಿಗೆ ಅಜ್ಜ ಬೇರೆ ಕೆಲಸ ಕೊಟ್ಟರು. ಅಂಗಳದಲ್ಲಿ ಹರಡಿದ ಈರುಳ್ಳಿಯನ್ನು ದಪ್ಪ, ಮಧ್ಯಮ, ಸಣ್ಣ ಅಂತ ಮೂರು ಬುಟ್ಟಿಗೆ ವಿಂಗಡಿಸೋದು. ಮೊದಲು ಎಲ್ಲಾ ಒಂದೇ ಬುಟ್ಟಿಗೆ ಹೋಗುತ್ತಿತ್ತು. ಐದು ತಿಂಗಳಾದ ಮೇಲೆ ಎಡಗಣ್ಣು ತಪಾಸಣೆಯ ಹಲಗೆಯಲ್ಲಿ ನಾಲ್ಕು ಸಾಲು ಕೆಳಗಿಳಿದಿದೆ. ಹಾಗಂತ ಎರಡೂ ಕಣ್ಣು ಸೇರಿ ಆಳ ನೋಡುವುದನ್ನು ಕಲಿಯುತ್ತವೆ ಅಂತ ಡಾಕ್ಟರ್ ಮಾತು ಕೊಟ್ಟಿಲ್ಲ. ಕೆಲವು ಮಕ್ಕಳಿಗೆ ಬರುತ್ತದೆ, ಕೆಲವರಿಗೆ ಬರೋದಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಒಂದು ಕೆಲಸ ಮಾಡಿ. ಆಟದ ನೆಪದಲ್ಲಿ ಒಂದು ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಚಿತ್ರ ಏನು ಅಂತ ಕೇಳಿ. ಆಮೇಲೆ ಇನ್ನೊಂದು ಕಣ್ಣು. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿದರೆ, ಅತ್ತರೆ, ತಡ ಮಾಡಬೇಡಿ. ಹೀಗೆ ನೋಡಿ ಎಲ್ಲ ಸರಿಯಿದೆ ಅಂದುಕೊಂಡು ಸುಮ್ಮನಿರಲೂ ಬೇಡಿ, ಶಾಲೆಗೆ ಸೇರಿಸುವ ಮುಂಚೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸುವುದೇ ಸರಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇನ್ನು ನಿಮ್ಮ ಟೀಮಿನಲ್ಲಿ ಸದಾ ಕ್ಯಾಚ್ ಬಿಡುವ ಹುಡುಗನೋ ಹುಡುಗಿಯೋ ಇದ್ದರೆ, ಬೈಯುವ ಮುಂಚೆ ಒಂದೊಂದೇ ಕಣ್ಣು ಮುಚ್ಚಿ ಓದಿಸಿ ನೋಡಿ. ಬೈಯೋದು ಆಮೇಲೂ ಇದ್ದೇ ಇದೆ.

ಪುಟ್ಟಿಯ ಮುಂದಿನ ತಪಾಸಣೆ ಯುಗಾದಿ ಕಳೆದ ಮೇಲೆ. ನೊಣದ ಪುಸ್ತಕ ಆಗ ತೆಗೆಯುತ್ತಾರಂತೆ. ಸದ್ಯಕ್ಕೆ ಅವಳ ತಕರಾರು ಬೇರೆಯೇ. ಈರುಳ್ಳಿ ವಿಂಗಡಿಸಲು ಬರುವ ಹೆಂಗಸರಿಗೆಲ್ಲ ಸಂಜೆ ಕೂಲಿ ಕೊಡುತ್ತಾರೆ, ತನಗೆ ಮಾತ್ರ ಯಾಕಿಲ್ಲ ಅಂತ. ಅಜ್ಜ ದಿನಕ್ಕೆ ಎರಡು ರೂಪಾಯಿಗೆ ಒಪ್ಪಿದ್ದಾರೆ. ಪಟ್ಟಿ ಮಧ್ಯದಲ್ಲಿ ಕಿತ್ತರೆ ಅರ್ಧ ಕೂಲಿ.